ಒಂದೇ ನಂಬರ್, ಮನೆಗೆಲ್ಲ

ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ಓಟಿಪಿಯಿಂದ.

ಹೋದ ಮಳೆಗಾಲದ ಒಂದು ಸೋಮವಾರ. ನಾನು ಬೆಂಗಳೂರಿನ ರೂಮಿನಲ್ಲಿ ಬಟ್ಟೆ ಬೀರುವಿನ ಬಾಗಿಲು ತೆಗೆದಿಟ್ಟು, ಸೀರೆ-ಕಂಬಳಿಗಳ ಮಧ್ಯೆ ಮೈಕ್ ನಿಲ್ಲಿಸಿ ರೆಕಾರ್ಡ್ ಮಾಡ್ತಿದ್ದೆ. ನನ್ನ ಸ್ಟುಡಿಯೋ ಇಷ್ಟೇ. ಫೋನು ಏರೋಪ್ಲೇನ್ ಮೋಡಿನಲ್ಲಿತ್ತು. ಅದೇ ಹೊತ್ತಿಗೆ ಕುಪ್ಪಗಡ್ಡೆಯ ಒಂದು ಸೇವಾ ಕೇಂದ್ರದ ಮುಂದೆ ಅಮ್ಮ ಒದ್ದೆ ಕೊಡೆ ಹಿಡಿದುಕೊಂಡು ನಿಂತಿದ್ದಳು. ಅಜ್ಜಿಯ ಪಿಂಚಣಿಯ ಕಾಗದ ಸರಿ ಮಾಡಿಸಬೇಕಿತ್ತು. ಕಂಪ್ಯೂಟರ್ ಮುಂದೆ ಕೂತ ಹುಡುಗ ಆಧಾರ್ ನಂಬರ್ ಒತ್ತಿದ, ಓಟಿಪಿ ಹೊರಟಿತು. ಹೊರಟಿದ್ದು ಅಮ್ಮನ ಫೋನಿಗಲ್ಲ, ನನ್ನ ಫೋನಿಗೆ. ಮೂರು ಸಲ ಕಳಿಸಿದ, ಮೂರು ಸಲವೂ ಟೈಮ್ ಮುಗೀತು. ಅಮ್ಮ ಮಾಡಿದ ಹನ್ನೊಂದು ಕಾಲ್‌ಗೂ 'ಸ್ವಿಚ್ ಆಫ್' ಅಂತಲೇ ಉತ್ತರ. ಹಿಂದೆ ಸಾಲು ಬೆಳೀತಿತ್ತು. "ನಾಳೆ ಬನ್ನಿ ಅಮ್ಮ" ಅಂದನಂತೆ ಹುಡುಗ. ಅವನ ತಪ್ಪೇನಿಲ್ಲ.

ಓಟಿಪಿ ನನಗೆ ಯಾಕೆ ಬಂತು ಅಂದ್ರೆ, ಅದು ಅಪ್ಪನ ನಂಬರ್. ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಸಿಮ್ ಈಗ ನನ್ನ ಹೆಸರಿಗಾಗಿದೆ, ನನ್ನ ಫೋನಿನ ಎರಡನೇ ಸ್ಲಾಟಿನಲ್ಲಿದೆ. ಆದರೆ ಅಜ್ಜಿಯ ಆಧಾರ್, ಅಮ್ಮನ ಬ್ಯಾಂಕ್ ಖಾತೆ, ಗ್ಯಾಸ್ ಸಿಲಿಂಡರ್, ಜಮೀನಿನ ಕಾಗದ, ಕೊನೆಗೆ ನನ್ನ ಕಾಲೇಜಿನ ಹಳೇ ಸ್ಕಾಲರ್‌ಶಿಪ್ ಅರ್ಜಿ ಕೂಡ ಆ ಹತ್ತು ಅಂಕಿಗೇ ತಗುಲಿಕೊಂಡಿವೆ.

ಸಂಜೆ ಅಮ್ಮ ಸಿಟ್ಟಲ್ಲೇ ಒಂದು ಪ್ರಶ್ನೆ ಕೇಳಿದಳು. "ಅಲ್ವೇ, ಹಳೇ ಮನೆ ಫೋನಿಗೆ ಜಗಲೀಲೊಂದು ಡಬ್ಬಿ, ಮಾಳಿಗೆಲೊಂದು ಡಬ್ಬಿ ಇತ್ತಲ್ಲ. ನಂಬರ್ ಒಂದೇ, ಎರಡೂ ಹೊಡ್ಕೊಳ್ತಿತ್ತು. ಈಗ ಇಷ್ಟೆಲ್ಲ ಮುಂದುವರೆದಿದೆ ಅಂತೀರಿ, ಅಪ್ಪನ ನಂಬರ್ ನನ್ ಫೋನಲ್ಲೂ ನಿನ್ ಫೋನಲ್ಲೂ ಇರಕ್ಕೆ ಆಗಲ್ವಂತಾ?"

ನಾನು ಓದಿದ್ದು ಬಿ.ಕಾಂ. ಡೆಬಿಟ್ ಎಲ್ಲಿ, ಕ್ರೆಡಿಟ್ ಎಲ್ಲಿ ಅಂತ ಕೇಳಿದ್ರೆ ಹೇಳಬಲ್ಲೆ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದೆ. ಆ ಹುಡುಕಾಟವೇ ಈ ಎಪಿಸೋಡು.

ಮೊದಲು ಊರಿನ ಬಗ್ಗೆ ಒಂದೆರಡು ಮಾತು. ಕುಪ್ಪಗಡ್ಡೆ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗೋ ಅಂಚಿನ ಸೀಮೆ ನಮ್ಮದು. ಗದ್ದೆ, ಅಡಿಕೆ ತೋಟ, ಒಂದಕ್ಕೊಂದು ದೂರ ದೂರದ ಮನೆಗಳು. ಸೊರಬದ ಎಸ್‌ಟಿಡಿ ಕೋಡ್ 08184. ಅದಾದ ಮೇಲೆ ಆರು ಅಂಕಿ. ಪಕ್ಕದ ಶಿಕಾರಿಪುರಕ್ಕೆ 08187. ನನ್ನ ವಯಸ್ಸಿನವರಿಗೆ ಇವು ನೆನಪಿದ್ದರೆ ಅದು ಮದುವೆ ಕಾಗದದಿಂದ. ಹಳೇ ಲಗ್ನಪತ್ರಿಕೆ ಮನೆಯಲ್ಲಿದ್ದರೆ ತೆಗೆದು ನೋಡಿ. ಕೆಳಗೆ ಮೂಲೆಯಲ್ಲಿ ಒಂದು ನಂಬರ್ ಇರುತ್ತೆ, ಅದರ ಪಕ್ಕ ಆವರಣದಲ್ಲಿ ಎರಡು ಅಕ್ಷರ: ಪಿ.ಪಿ.

ಈ ಪಿ.ಪಿ. ಅಂದ್ರೆ 'ಪಕ್ಕದ ಮನೆ ಫೋನು' ಅಂತಲೇ ನಾನು ಬಹಳ ದಿನ ನಂಬಿದ್ದೆ. ನಿಜವಾದ ವಿಸ್ತರಣೆ 'ಪರ್ಟಿಕ್ಯುಲರ್ ಪರ್ಸನ್'. ಇದು ಟ್ರಂಕ್ ಕಾಲ್ ಕಾಲದ ಮಾತು. ಆಗ ದೂರದ ಊರಿಗೆ ಫೋನ್ ಮಾಡಬೇಕಂದ್ರೆ ಎಕ್ಸ್‌ಚೇಂಜಿನ ಆಪರೇಟರ್ ಹತ್ತಿರ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆಗಳಿದ್ದವು, ರೈಲಿನ ಕ್ಲಾಸುಗಳ ಥರ. ಅದರ ಜೊತೆಗೆ 'ಆ ನಂಬರಿನಲ್ಲಿ ಇಂಥವರೇ ಬಂದು ಮಾತಾಡಬೇಕು' ಅಂತ ಹೇಳಿ ಬುಕ್ ಮಾಡಿದರೆ ಅದು ಪಿ.ಪಿ. ಕಾಲ್, ಅದಕ್ಕೆ ಬೇರೆ ದುಡ್ಡು. ಅಂದರೆ ಫೋನ್ ನಂಬರ್ ಒಂದು ಜಾಗದ ಹೆಸರು, ಮನುಷ್ಯನ ಹೆಸರನ್ನ ಬೇರೆ ಹೇಳಬೇಕು. ಇದು ಇಲಾಖೆಗೂ ಗೊತ್ತಿತ್ತು. ಟ್ರಂಕ್ ಕಾಲ್ ಹೋಯ್ತು, ಪಿ.ಪಿ. ಮಾತ್ರ ಲಗ್ನಪತ್ರಿಕೆಯಲ್ಲಿ ಉಳಿದುಕೊಂಡು 'ಈ ನಂಬರ್ ನಮ್ಮದಲ್ಲ, ಆದರೆ ಕರೆದರೆ ಬರ್ತೀವಿ' ಅನ್ನೋ ಅರ್ಥಕ್ಕೆ ತಿರುಗಿತು.

ನಮ್ಮ ಮನೆಗೆ ಫೋನ್ ಬರೋದಕ್ಕೆ ಮುಂಚೆ ನಮ್ಮದೂ ಪಿ.ಪಿ. ನಂಬರೇ. ನಮ್ಮ ಕೇರಿಗೆಲ್ಲ ಒಂದೇ ಫೋನು, ಕೆಳಗಿನ ಮನೆಯಲ್ಲಿ. ಆ ಮನೆಯ ಅಜ್ಜ ಫೋನ್ ಎತ್ತಿ ಪ್ರತಿ ಸಲ ಹೇಳ್ತಿದ್ದ ವಾಕ್ಯ ಒಂದೇ: "ಹತ್ ನಿಮಿಷ ಬಿಟ್ಟು ಮಾಡಿ, ಕರೆದಿಡ್ತೀನಿ." ಆಮೇಲೆ ಅಂಗಳಕ್ಕೆ ಬಂದು ಕೂಗು ಹಾಕೋದು. ತೋಟದಲ್ಲಿದ್ದವರು ಕೈ ಕೊಡವಿಕೊಂಡು ಓಡಿ ಬರೋದು. ನನ್ನ ಅತ್ತೆಗೆ ಗಂಡು ಗೊತ್ತಾದ ಸುದ್ದಿ ಬಂದಿದ್ದೂ ಆ ನಂಬರಿಗೆ, ಅಜ್ಜ ಹೋದ ಸುದ್ದಿ ದೊಡ್ಡಪ್ಪನಿಗೆ ಹೋಗಿದ್ದೂ ಆ ನಂಬರಿಂದ. ಅಮ್ಮ ಹೇಳೋ ಪ್ರಕಾರ, ಅಜ್ಜ ಕೂಗಿದ ದನಿಯಲ್ಲೇ ಗೊತ್ತಾಗ್ತಿತ್ತಂತೆ, ಒಳ್ಳೇ ಸುದ್ದಿಯೋ ಕೆಟ್ಟದ್ದೋ ಅಂತ. ಅಜ್ಜನಿಗೆ ಕೇರಿಯವರ ಎಲ್ಲ ಗುಟ್ಟೂ ಗೊತ್ತಿತ್ತು ಅನ್ನೋದು ಅದರ ಇನ್ನೊಂದು ಮುಖ. ಆ ಕಾಲವನ್ನ ಸುಮ್ಮನೆ ಚೆಂದ ಮಾಡಿ ಹೇಳೋಕೆ ನನಗೆ ಮನಸ್ಸಿಲ್ಲ. ಹುಡುಗಿಯರು ಆ ಜಗಲಿಯಲ್ಲಿ ನಿಂತು ಏನನ್ನ ತಾನೇ ಮಾತಾಡೋಕೆ ಸಾಧ್ಯ ಇತ್ತು?

ಒಂದು ಕೇರಿಗೆ ಒಂದೇ ಫೋನು ಯಾಕೆ? ಲೆಕ್ಕ ನೋಡಿ. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಸುಮಾರು 80 ಸಾವಿರ ಫೋನ್ ಇದ್ದವು. 1991ರ ಹೊತ್ತಿಗೂ 50 ಲಕ್ಷದ ಆಸುಪಾಸು, ಅದರಲ್ಲಿ ಬಹುಪಾಲು ಪೇಟೆಗಳಲ್ಲಿ. ಬೆಂಗಳೂರಿನ ಐಟಿಐ ಕಾರ್ಖಾನೆ 1948ರಿಂದಲೇ ಫೋನ್ ಉಪಕರಣ ಮಾಡ್ತಾ ಇತ್ತು, ಆದರೆ ಕೊರತೆ ಇದ್ದದ್ದು ಬರೀ ಡಬ್ಬಿಯದಲ್ಲ, ಹಳ್ಳಿಯ ಎಕ್ಸ್‌ಚೇಂಜಿನದು. ಹೊರದೇಶದ ಎಕ್ಸ್‌ಚೇಂಜುಗಳಿಗೆ ಎಸಿ ರೂಮು ಬೇಕು. ಹಳ್ಳಿಯಲ್ಲಿ ಕರೆಂಟೇ ಇಲ್ಲ, ಎಸಿ ಎಲ್ಲಿಂದ?

ಇಲ್ಲಿ ಕರ್ನಾಟಕದ ಹೆಸರು ಬರುತ್ತೆ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಅನ್ನೋ ಸಂಸ್ಥೆ ಹುಟ್ಟುಹಾಕಿತು, ಸ್ಯಾಮ್ ಪಿತ್ರೋಡಾ ಹೆಸರು ಕೇಳಿರ್ತೀರಿ. ಅವರು ಧೂಳು, ಸೆಖೆ ತಡೆದುಕೊಂಡು ಎಸಿ ಇಲ್ಲದೇ ನಡೆಯೋ ಸಣ್ಣ ಎಕ್ಸ್‌ಚೇಂಜ್ ಮಾಡಿದರು. ಅದರ ಮೊದಲನೇದು 1986ರ ಜುಲೈನಲ್ಲಿ ಶುರುವಾಗಿದ್ದು ನಮ್ಮ ಕಿತ್ತೂರಿನಲ್ಲಿ. ಹೌದು, ರಾಣಿ ಚೆನ್ನಮ್ಮನ ಕಿತ್ತೂರು. ಆಮೇಲೆ ಅದೇ ನಮೂನೆಯ ಪೆಟ್ಟಿಗೆಗಳು ದೇಶದ ಸಾವಿರಾರು ಹಳ್ಳಿಗೆ ಹೋದವು. ಅದಕ್ಕೆ 128 ಪೋರ್ಟು. ಕೆಲವು ಪೋರ್ಟು ಹೊರ ಊರಿನ ಸಂಪರ್ಕಕ್ಕೇ ಹೋಗುತ್ತೆ, ಚಂದಾದಾರರಿಗೆ ಸಿಗೋದು ನೂರಕ್ಕಿಂತ ಕಡಿಮೆ. ಒಂದು ಪೆಟ್ಟಿಗೆಯಲ್ಲಿ ನೂರು ನಂಬರೂ ಇಲ್ಲ, ಸುತ್ತ ಸಾವಿರಾರು ಮನೆ. ಹಂಚಿಕೊಳ್ಳದೇ ಬೇರೆ ದಾರಿ ಇರಲಿಲ್ಲ.

ತಂತಿ ಎಳೆಯೋಕಾಗದ ಊರುಗಳಿಗೆ ಇನ್ನೊಂದು ವ್ಯವಸ್ಥೆ ಇತ್ತು, ಹೆಸರು ಎಂಎಆರ್‌ಆರ್. ಒಂದು ರೇಡಿಯೋ ಕಂಬ, ಹದಿನೈದು ಫೋನು, ಆದರೆ ಮಾತಿಗೆ ದಾರಿ ಎರಡೇ. ಇಬ್ಬರು ಮಾತಾಡ್ತಿದ್ದರೆ ಉಳಿದ ಹದಿಮೂರು ಜನ ಕಾಯಬೇಕು. ಇಲ್ಲಿ ಹಂಚಿಕೊಂಡಿದ್ದು ನಂಬರನ್ನಲ್ಲ, ಗಾಳಿಯನ್ನ. ಅಮೆರಿಕದ ಹಳ್ಳಿಗಳಲ್ಲಿ ಇದಕ್ಕೂ ಮುಂಚೆ 'ಪಾರ್ಟಿ ಲೈನ್' ಇತ್ತು. ಒಂದೇ ತಂತಿಗೆ ಹಲವು ಮನೆ, ಎರಡು ಉದ್ದ ಒಂದು ಗಿಡ್ಡ ಗಂಟೆ ಹೊಡೆದರೆ ನಿಮಗೆ, ಒಂದು ಉದ್ದ ಎರಡು ಗಿಡ್ಡ ಆದರೆ ಪಕ್ಕದವರಿಗೆ. ಗಂಟೆ ಯಾರದ್ದಾದರೂ ಕೇಳಿಸಿಕೊಳ್ಳೋರು ಎಲ್ಲರೂ! ನಮ್ಮ ಮಿಸ್ಡ್ ಕಾಲ್ ಕೋಡು ಗೊತ್ತಲ್ಲ, ಒಂದು ರಿಂಗ್ ಆದರೆ ಬಸ್ ಹತ್ತಿದೆ, ಎರಡಾದರೆ ಮುಟ್ಟಿದೆ? ಅದರ ಅಜ್ಜನ ಕಾಲದ ರೂಪ ಅನ್ನಬಹುದು.

ಈಗ ಅಮ್ಮನ ಎರಡು ಡಬ್ಬಿಗೆ ಬರೋಣ. ನಮ್ಮ ಮನೆಗೆ ಕೊನೆಗೂ ಲೈನ್ ಬಂತು. ಜಗಲಿಯಲ್ಲಿ ಒಂದು ಫೋನು. ಮಳೆಗಾಲದಲ್ಲಿ ಮಾಳಿಗೆಯ ಮೇಲೆ ಅಡಿಕೆ ಹರಡಿ, ಕಾಯ್ತಾ ಕೂತವರಿಗೆ ಗಂಟೆ ಕೇಳ್ತಿರಲಿಲ್ಲ ಅಂತ ಅಪ್ಪ ಮೇಲೊಂದು ಹಾಕಿಸಿದರು. ಇದಕ್ಕೆ 'ಪ್ಯಾರಲಲ್' ಅಂತಿದ್ದರು. ಇಲಾಖೆಗೆ ಅರ್ಜಿ ಕೊಟ್ಟು ಬಾಡಿಗೆ ಕಟ್ಟಿ ಹಾಕಿಸಿಕೊಳ್ಳೋ ಎಕ್ಸ್‌ಟೆನ್ಷನ್ನೂ ಇತ್ತು. ಕರೆಂಟ್ ಕೆಲಸದವನನ್ನ ಕರೆದು ಕಾಫಿ ಕೊಟ್ಟು ಹಾಕಿಸಿಕೊಳ್ಳೋ ಎಕ್ಸ್‌ಟೆನ್ಷನ್ನೂ ಇತ್ತು. ನಮ್ಮದು ಯಾವುದು ಅಂತ ಕೇಳಬೇಡಿ.

ಇದು ಹೇಗೆ ಸಾಧ್ಯ ಆಗ್ತಿತ್ತು? ಲ್ಯಾಂಡ್‌ಲೈನ್ ನಂಬರ್ ಅಂದ್ರೆ ಎಕ್ಸ್‌ಚೇಂಜಿನಿಂದ ನಿಮ್ಮ ಮನೆಗೆ ಬರೋ ಒಂದು ಜೋಡಿ ತಂತಿಯ ಹೆಸರು, ಅಷ್ಟೇ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಆ ತಂತಿಗೆ 48 ವೋಲ್ಟು ಬರ್ತಿತ್ತು. ಊರಲ್ಲಿ ಕರೆಂಟ್ ಹೋದರೂ ಫೋನ್ ನಡೀತಿದ್ದದ್ದು ಅದಕ್ಕೇ. ಕರೆ ಬಂದಾಗ ಗಂಟೆ ಬಾರಿಸೋಕೆ ಅದೇ ತಂತಿಯಲ್ಲಿ 75 ವೋಲ್ಟಿನ ಆಸುಪಾಸು ಬೇರೆ ಕರೆಂಟ್ ಕಳಿಸ್ತಿದ್ದರು. ತಂತಿಯ ತುದಿಗೆ ಒಂದು ಫೋನ್ ಇದೆಯೋ ಮೂರು ಇವೆಯೋ ಎಕ್ಸ್‌ಚೇಂಜಿಗೆ ಗೊತ್ತಾಗೋದೂ ಇಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಎರಡೂ ಎತ್ತಿದರೆ ದನಿ ಸ್ವಲ್ಪ ಕಮ್ಮಿ ಆಗ್ತಿತ್ತು. ಮೇಲೆ ಯಾರಾದರೂ ನಂಬರ್ ತಿರುಗಿಸಿದರೆ ಕೆಳಗಿನ ಗಂಟೆ ಟಿಣ್ ಟಿಣ್ ಅಂತ ಸಣ್ಣಗೆ ಅಲುಗುತ್ತಿತ್ತು. ಚಿಕ್ಕಪ್ಪನ ಪ್ರೇಮ ಪ್ರಕರಣ ಮನೆಗೆ ತಿಳಿದಿದ್ದು ಈ ಟಿಣ್ ಟಿಣ್‌ನಿಂದಲೇ. ಅದು ಬೇರೆ ಎಪಿಸೋಡು. ಚಿಕ್ಕಮ್ಮ ಒಪ್ಪಿದರೆ.

ಇದನ್ನ ಓದ್ತಾ ನನಗೆ ಬಿ.ಕಾಂ.ನ ಟ್ಯಾಕ್ಸ್ ಪೇಪರ್ ನೆನಪಾಯ್ತು. ಆದಾಯ ತೆರಿಗೆ ಕಾನೂನಿನಲ್ಲಿ ಹಿಂದೂ ಅವಿಭಕ್ತ ಕುಟುಂಬಕ್ಕೆ ಅದರದ್ದೇ ಆದ ಪ್ಯಾನ್ ಇರುತ್ತೆ. ಮನೆಯ ಜನರ ಪ್ಯಾನ್ ಬೇರೆ, ಮನೆಯ ಪ್ಯಾನ್ ಬೇರೆ. ಹಳೇ ಫೋನ್ ನಂಬರ್ ಹಾಗೆ ಅವಿಭಕ್ತ ಕುಟುಂಬದ ನಂಬರ್. ಹೆಸರು ಯಜಮಾನನದ್ದು, ಹಕ್ಕು ಎಲ್ಲರದ್ದು.

ಆಮೇಲೆ ಮೊಬೈಲ್ ಬಂತು. ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು, ಕಲ್ಕತ್ತೆಯಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರಿಗೆ ಮಾಡಿದ್ದು. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಒಳಬರುವ ಕರೆ ಪುಕ್ಕಟೆ ಆಗಿದ್ದು 2003ರಲ್ಲಿ. ನನ್ನ ಪ್ರಕಾರ ಹಳ್ಳಿಗೆ ಮೊಬೈಲ್ ತಂದಿದ್ದು ಟವರಲ್ಲ, ಈ ನಿಯಮ. ಕರೆನ್ಸಿ ಹಾಕಿಸೋಕೆ ದುಡ್ಡಿಲ್ಲದವರೂ ಫೋನ್ ಇಟ್ಟುಕೊಳ್ಳೋ ಹಾಗಾಯ್ತು.

ಅಪ್ಪ ಸಿಮ್ ತಗೊಂಡಿದ್ದು 2005ರಲ್ಲಿ, ನಮ್ಮ ಕಡೆ ಆಗ ಸಿಗ್ನಲ್ ಸಿಗ್ತಿದ್ದ ಒಂದೇ ಒಂದು ಕಂಪನಿಯದ್ದು. ಸಿಗ್ನಲ್ ಸಿಗ್ತಿತ್ತು ಅಂದ್ರೆ, ಕೊಟ್ಟಿಗೆ ಪಕ್ಕದ ಹಲಸಿನ ಮರದ ಬುಡದಲ್ಲಿ ಸಿಗ್ತಿತ್ತು. ಹಾಗಾಗಿ ಆ ಮೊಬೈಲ್ ಮೊದಲ ಮೂರ್ನಾಲ್ಕು ವರ್ಷ ಮರಕ್ಕೆ ಹೊಡೆದ ಮೊಳೆಗೆ ನೇತಾಡೋ ಪ್ಲಾಸ್ಟಿಕ್ ಕೊಟ್ಟೆಯಲ್ಲೇ ಬದುಕಿತು. ಹೆಸರಿಗೆ ಮೊಬೈಲು, ನಡೆಯಲ್ಲಿ ಲ್ಯಾಂಡ್‌ಲೈನು. ಯಾರು ಹತ್ತಿರ ಇದ್ದಾರೋ ಅವರು ಎತ್ತೋದು.

ಇದು ನಮ್ಮನೆ ಕಥೆ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. 2007ರಲ್ಲಿ ನೋಕಿಯಾ ಕಂಪನಿ 1200 ಅನ್ನೋ ಮಾಡೆಲ್ ತಂದಿತು. ಟಾರ್ಚ್ ಇದ್ದ ಗಟ್ಟಿ ಫೋನು, ನಿಮ್ಮ ಅಪ್ಪಂದಿರ ಹತ್ತಿರ ಇದ್ದಿರಬಹುದು. ಅದರಲ್ಲಿ ಐದು ಬೇರೆ ಬೇರೆ ಫೋನ್‌ಬುಕ್ ಇಡಬಹುದಿತ್ತು, ಒಂದೇ ಫೋನನ್ನ ಮನೆಮಂದಿ ಹಂಚಿಕೊಳ್ತಾರೆ ಅಂತ ತಿಳಿದೇ ಮಾಡಿದ್ದು. ಒಬ್ಬರು ಎಷ್ಟು ಮಾತಾಡಿದರು ಅಂತ ಮಿತಿ ಹಾಕೋ ವ್ಯವಸ್ಥೆಯೂ ಇತ್ತು. ಜಗತ್ತಿನ ಬಡ ದೇಶಗಳಲ್ಲಿ ಜನ ಫೋನ್ ಹೇಗೆ ಹಂಚಿಕೊಳ್ತಾರೆ ಅಂತ ಓಡಾಡಿ ನೋಡೋಕೆ ಅವರು ಜನರನ್ನೇ ನೇಮಿಸಿದ್ದರು. ಆಮೇಲೆ ಬಂದ ಯಾವ ಸ್ಮಾರ್ಟ್‌ಫೋನ್ ಕಂಪನಿಗೆ ಈ ಬುದ್ಧಿ ಬಂತು ಹೇಳಿ?

ಆದರೆ ಅಮ್ಮ ಕೇಳಿದ್ದು ಉಲ್ಟಾ. ಒಂದು ಫೋನ್ ಹಲವರಿಗೆ ಅಲ್ಲ, ಒಂದು ನಂಬರ್ ಹಲವು ಫೋನಿಗೆ. ಅಲ್ಲಿ ಸಿಮ್ ಅಡ್ಡ ಬರುತ್ತೆ.

ಸಿಮ್ಮಿನೊಳಗೆ ನಿಮ್ಮ ಹತ್ತು ಅಂಕಿಯ ನಂಬರಿಗಿಂತ ಮುಖ್ಯವಾದ ಎರಡು ಸಂಗತಿ ಇವೆ. ಒಂದು ಐಎಂಎಸ್‌ಐ ಅನ್ನೋ ಬೇರೆಯೇ ಗುರುತಿನ ಸಂಖ್ಯೆ, ಸಾಮಾನ್ಯವಾಗಿ ಹದಿನೈದು ಅಂಕಿ. ಇನ್ನೊಂದು 128 ಬಿಟ್ಟಿನ ಒಂದು ಗುಪ್ತ ಕೀಲಿ. ಫೋನ್ ಆನ್ ಮಾಡಿದಾಗ ಕಂಪನಿಯ ಕಂಪ್ಯೂಟರ್ ಒಂದು ಒಗಟು ಕಳಿಸುತ್ತೆ, ಸಿಮ್ ಕೀಲಿ ಬಳಸಿ ಒಗಟು ಬಿಡಿಸಿ ಉತ್ತರ ಕಳಿಸುತ್ತೆ. ಕೀಲಿ ಮಾತ್ರ ಯಾವತ್ತೂ ಗಾಳಿಗೆ ಬರೋದಿಲ್ಲ. ಉತ್ತರ ಸರಿಯಿದ್ದರೆ ಕಂಪನಿಯ ದೊಡ್ಡ ಖಾತೆ ಪುಸ್ತಕದಲ್ಲಿ, ಅದಕ್ಕೆ ಎಚ್‌ಎಲ್‌ಆರ್ ಅಂತಾರೆ, 'ಈ ಸಿಮ್ ಈಗ ಇಂಥಾ ಕಡೆ ಇದೆ' ಅಂತ ಬರೆದುಕೊಳ್ಳುತ್ತೆ. ಆ ಪುಸ್ತಕದಲ್ಲಿ ಒಂದು ಸಿಮ್ಮಿಗೆ ಜಾಗದ ಕಾಲಂ ಒಂದೇ. ಕುಪ್ಪಗಡ್ಡೆ ಅಂತ ಬರೆದರೆ ಬೆಂಗಳೂರು ಅಳಿಸಬೇಕು.

ಹಾಗಾದರೆ ಸಿಮ್ಮನ್ನೇ ನಕಲು ಮಾಡಿದರೆ? ಮಾಡಿದ್ದಾರೆ. 1998ರಲ್ಲಿ ಅಮೆರಿಕದಲ್ಲಿ ಮಾರ್ಕ್ ಬ್ರಿಸೆನೊ, ಇಯಾನ್ ಗೋಲ್ಡ್‌ಬರ್ಗ್, ಡೇವಿಡ್ ವ್ಯಾಗ್ನರ್ ಅನ್ನೋ ಮೂವರು, ಸಿಮ್ ಕೈಯಲ್ಲಿದ್ದರೆ ಕೆಲವು ಗಂಟೆಯಲ್ಲಿ ಅದರ ಕೀಲಿ ಹೊರಗೆ ತೆಗೀಬಹುದು ಅಂತ ತೋರಿಸಿಕೊಟ್ಟರು. ಆಗಿನ ಸಿಮ್ಮಿನ ಗಣಿತದಲ್ಲಿ ಒಂದು ತೂತು ಇತ್ತು. ಅದನ್ನ ಬಳಸಿ ಚೀನಾದ ಖಾಲಿ ಕಾರ್ಡುಗಳು ಮಾರುಕಟ್ಟೆಗೆ ಬಂದವು, ಒಂದೇ ಕಾರ್ಡಿಗೆ ಹದಿನಾರು ಸಿಮ್ ತುಂಬೋ ನಮೂನೆಯವು. ಈಗಿನ ಸಿಮ್ಮಿನಲ್ಲಿ ಆ ತೂತು ಮುಚ್ಚಿದೆ. ಜೊತೆಗೆ ನಕಲು ಮಾಡೋದು ಅಪರಾಧ, ಅಮ್ಮನಿಗೂ ಹೇಳಿದೆ. ಅದಕ್ಕಿಂತ ಮಜಾ ಅಂದ್ರೆ, ನಕಲು ಮಾಡಿ ಎರಡೂ ಫೋನ್ ಆನ್ ಇಟ್ಟರೂ ಎರಡೂ ಹೊಡ್ಕೊಳ್ಳೋದಿಲ್ಲ. ಯಾವುದು ಕೊನೆಗೆ ಟವರಿಗೆ ಹಾಜರಿ ಹೇಳಿತೋ ಕರೆ ಅದಕ್ಕೆ. ಪುಸ್ತಕದ ಕಾಲಂ ಒಂದೇ ಅಲ್ವಾ.

ಹಾಗಂತ ಇದು ಆಗದ ಕೆಲಸ ಏನಲ್ಲ, ಕಂಪನಿಯೇ ಮನಸ್ಸು ಮಾಡಬೇಕು. ಜರ್ಮನಿಯಲ್ಲಿ ಒಂದೇ ನಂಬರಿಗೆ ಎರಡು-ಮೂರು ಸಿಮ್ ಕೊಡೋ 'ಮಲ್ಟಿಸಿಮ್' ಅನ್ನೋ ಸೇವೆ ಬಹಳ ವರ್ಷದಿಂದ ಇದೆ. ಪ್ರತಿ ಸಿಮ್ಮಿಗೂ ಬೇರೆ ಬೇರೆ ಗುಪ್ತ ಗುರುತು, ಮೇಲಿನ ನಂಬರ್ ಒಂದೇ. ಕರೆ ಬಂದರೆ ಎಲ್ಲವೂ ಹೊಡ್ಕೊಳ್ತಾವೆ. ನಮ್ಮಲ್ಲಿ ಇದು ಬಂದಿದ್ದು 2018ರ ಮೇನಲ್ಲಿ, ಆಪಲ್ ವಾಚಿನ ಜೊತೆ. ಜಿಯೋ ಮತ್ತು ಏರ್‌ಟೆಲ್ ಎರಡೂ, ಫೋನಿನ ನಂಬರನ್ನೇ ವಾಚಿನ ಇ-ಸಿಮ್ಮಿಗೂ ಕೊಡೋಕೆ ಶುರು ಮಾಡಿದವು. ಅಂದರೆ ಅಮ್ಮ ಕೇಳಿದ್ದು ತಾಂತ್ರಿಕವಾಗಿ ಇದೆ. ಒಬ್ಬನೇ ಮನುಷ್ಯನ ಕೈಗೂ ಜೇಬಿಗೂ ಇದೆ. ತಾಯಿಗೂ ಮಗಳಿಗೂ ಇಲ್ಲ.

ಇನ್ನೊಂದು ತೊಡಕು. ಮಲ್ಟಿಸಿಮ್ಮಿನಲ್ಲೂ ಕರೆ ಎಲ್ಲ ಫೋನಿಗೆ ಬಂದರೂ, ಎಸ್‌ಎಂಎಸ್ ಹೋಗೋದು ನೀವು ಆರಿಸಿದ ಒಂದೇ ಸಿಮ್ಮಿಗೆ. ನಮ್ಮನೆ ಸಮಸ್ಯೆ ಇರೋದೇ ಎಸ್‌ಎಂಎಸ್‌ನಲ್ಲಿ.

ಎಸ್‌ಎಂಎಸ್ ಹೇಗೆ ಇಷ್ಟು ದೊಡ್ಡ ಯಜಮಾನ ಆಯ್ತು? ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೇ ಗುರುತು ಬೇಕೇಬೇಕು ಅಂತ ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದ್ದು 2009ರ ಆಗಸ್ಟಿನಿಂದ. ಒಳ್ಳೇ ನಿಯಮವೇ. ಆ ಎರಡನೇ ಗುರುತಾಗಿ ಬರಬರುತ್ತಾ ಓಟಿಪಿ ಗಟ್ಟಿಯಾಯ್ತು. ಆಮೇಲೆ ಆಧಾರ್, 2016ರಲ್ಲಿ ಯುಪಿಐ, ಒಂದೊಂದಾಗಿ ಎಲ್ಲವೂ ಮೊಬೈಲ್ ನಂಬರಿಗೆ ಬಂದು ಕೂತವು. ಹೆಬ್ಬೆಟ್ಟಿನ ಜಾಗಕ್ಕೆ ಹತ್ತು ಅಂಕಿ. ಹೆಬ್ಬೆಟ್ಟು ಒಬ್ಬರದ್ದೇ, ಸರಿ. ನಂಬರ್ ಒಬ್ಬರದ್ದೇ ಅಂತ ಯಾರು ಹೇಳಿದರು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರಿಗೆ ಒಂದು ಪ್ರಶ್ನೆ ಇತ್ತು: ನೀವೇ ಬಳಸೋ ಮೊಬೈಲ್ ಇದೆಯಾ? ಇಡೀ ದೇಶದಲ್ಲಿ ಹೌದು ಅಂದವರು ಸುಮಾರು ಶೇ 54. ಹಳ್ಳಿಗಳಲ್ಲಿ ಶೇ 46.6. ಅಂದರೆ ಹಳ್ಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ತಮ್ಮದು ಅನ್ನೋ ಫೋನೇ ಇರಲಿಲ್ಲ. ಕಾಗದದಲ್ಲಿ ನಂಬರ್ ಕೇಳಿದಾಗ ಅವರು ಯಾರದ್ದು ಕೊಟ್ಟಿರ್ತಾರೆ? ಗಂಡನದ್ದು, ಮಗನದ್ದು, ಮೈದುನನದ್ದು. ಆಧಾರ್ ಪ್ರಾಧಿಕಾರವೂ ಒಂದು ಮೊಬೈಲ್ ನಂಬರಿಗೆ ಎಷ್ಟು ಆಧಾರ್ ಬೇಕಾದರೂ ಜೋಡಿಸಬಹುದು, ಮಿತಿ ಇಲ್ಲ ಅನ್ನುತ್ತೆ. ಜನರ ಬದುಕು ತಿಳಿದೇ ಬಿಟ್ಟ ಸಡಿಲ ಅದು. ಆದರೆ ಬಾಗಿಲು ನಾಲ್ಕು ಜನರಿಗೆ ತೆರೆದು ಕೀಲಿ ಒಬ್ಬರ ಕೈಯಲ್ಲಿ ಕೊಟ್ಟ ಹಾಗಾಯ್ತು. ಮಗ ದುಡಿಯೋಕೆ ಬೆಂಗಳೂರಿಗೆ ಹೋದರೆ ತಾಯಿಯ ಕೀಲಿಯೂ ಬಸ್ ಹತ್ತಿ ಹೋಗುತ್ತೆ. ಓಟಿಪಿ ಮೆಸೇಜಿನ ಕೊನೆಗೆ 'ಯಾರಿಗೂ ಹೇಳಬೇಡಿ' ಅಂತ ಇರುತ್ತೆ. ನಾನು ಫೋನಿನಲ್ಲಿ ಅಮ್ಮನಿಗೆ, ಅಮ್ಮ ಕೌಂಟರಿನ ಹುಡುಗನಿಗೆ, ಹಿಂದೆ ನಿಂತ ಹತ್ತು ಜನಕ್ಕೆ ಕೇಳೋ ಹಾಗೆ ಹೇಳ್ತೀವಿ. ಬೇರೆ ದಾರಿ ಏನಿದೆ?

ಬ್ಯಾಂಕಿನವರಿಗೆ ಇದು ಎಂದೋ ಅರ್ಥ ಆಗಿತ್ತು. ಜಂಟಿ ಖಾತೆ ಫಾರಂ ನೋಡಿ, 'ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು' ಅನ್ನೋ ಆಯ್ಕೆ ಇರುತ್ತೆ. ಎಂಥಾ ಮಾತು ನೋಡಿ! ಒಬ್ಬರು ಹೋಗೋ ದಿನ ಬರುತ್ತೆ ಅಂತ ಖಾತೆ ತೆರೆಯೋವಾಗಲೇ ಕೇಳ್ತಾರೆ. ಸಿಮ್ ಅರ್ಜಿಯಲ್ಲಿ ಆ ಪ್ರಶ್ನೆ ಇಲ್ಲ. ಅಪ್ಪ ಹೋದ ಮೇಲೆ ಮರಣ ಪ್ರಮಾಣಪತ್ರ ಹಿಡಿದುಕೊಂಡು ಸಿಮ್ ನನ್ನ ಹೆಸರಿಗೆ ಮಾಡಿಸಿದೆವಲ್ಲ, ಹಾಗೆ ಮಾಡಿಸದೇ ಬಿಟ್ಟರೆ ರೀಚಾರ್ಜ್ ಇಲ್ಲದೇ ನಂಬರ್ ಸಾಯುತ್ತೆ. ಸತ್ತ ನಂಬರನ್ನ ಕನಿಷ್ಠ 90 ದಿನ ಬೇರೆಯವರಿಗೆ ಕೊಡಬಾರದು, ಆಮೇಲೆ ಕೊಡಬಹುದು. 2023ರ ನವೆಂಬರಿನಲ್ಲಿ ಈ ವಿಷಯ ಸುಪ್ರೀಂ ಕೋರ್ಟ್ ಮುಂದೆಯೂ ಬಂದಿತ್ತು. ಹೊಸಬರ ಕೈಗೆ ಹೋದ ನಂಬರಿಗೆ ನಿಮ್ಮ ಅಜ್ಜಿಯ ಓಟಿಪಿ ಹೋಗ್ತಾ ಇರುತ್ತೆ.

ಈಚೆಗೆ ಗಾಳಿ ಎರಡೂ ಕಡೆ ಬೀಸ್ತಾ ಇದೆ. 2023ರ ಏಪ್ರಿಲಿನಲ್ಲಿ ವಾಟ್ಸಾಪ್ ಒಂದೇ ನಂಬರಿನ ಖಾತೆಯನ್ನ ಒಂದಕ್ಕಿಂತ ಹೆಚ್ಚು ಫೋನಿನಲ್ಲಿ ಬಳಸೋಕೆ ಬಿಟ್ಟಿತು. ಪ್ಯಾರಲಲ್ ಡಬ್ಬಿ ವಾಪಸ್ ಬಂತು, ಅಮ್ಮನ ಫೋನಿನಲ್ಲಿ ಅಪ್ಪನ ಹಳೇ ಗ್ರೂಪುಗಳು ಕಾಣೋ ಹಾಗೆ ಮಾಡಿಕೊಟ್ಟೆ. 2024ರ ಆಗಸ್ಟಿನಲ್ಲಿ ಯುಪಿಐ ಸರ್ಕಲ್ ಬಂತು. ಒಬ್ಬರ ಖಾತೆಯಿಂದ ಐದು ಜನರವರೆಗೆ ನಂಬಿದವರು ಪಾವತಿ ಮಾಡಬಹುದು, ಪೂರ್ತಿ ಬಿಟ್ಟುಕೊಟ್ಟರೆ ತಿಂಗಳಿಗೆ 15 ಸಾವಿರದ ಮಿತಿ. ನೋಕಿಯಾದ ಐದು ಫೋನ್‌ಬುಕ್ ನೆನಪಾಗಲಿಲ್ವಾ?

ಇತ್ತ ಕಡೆ, ಮೋಸಗಾರರ ಕಾಟಕ್ಕೆ ಬಾಗಿಲು ಮುಚ್ಚೋದೂ ನಡೀತಿದೆ. *401# ಒತ್ತಿಸಿ ನಿಮ್ಮ ಕರೆಗಳನ್ನ ತಮ್ಮ ಕಡೆ ತಿರುಗಿಸಿಕೊಳ್ತಿದ್ದರು, ಹಾಗಾಗಿ 2024ರ ಏಪ್ರಿಲ್ 15ರಿಂದ ಆ ಕೋಡಿನ ಕಾಲ್ ಫಾರ್ವರ್ಡಿಂಗ್ ನಿಲ್ಲಿಸೋಕೆ ದೂರಸಂಪರ್ಕ ಇಲಾಖೆ ಹೇಳಿತು. 2025ರ ನವೆಂಬರಿನಲ್ಲಿ ಇನ್ನೊಂದು ಆದೇಶ: ಸಿಮ್ ಯಾವ ಫೋನಿನಲ್ಲಿದೆಯೋ ಮೆಸೇಜಿಂಗ್ ಆ್ಯಪ್ ಅಲ್ಲೇ ನಡೀಬೇಕು, ಕಂಪ್ಯೂಟರಿನಲ್ಲಿ ತೆರೆದಿದ್ದರೆ ಆರು ಗಂಟೆಗೊಮ್ಮೆ ತಾನಾಗೇ ಲಾಗೌಟ್ ಆಗಬೇಕು. ಸೈಬರ್ ಮೋಸದಲ್ಲಿ ದುಡ್ಡು ಕಳಕೊಂಡವರು ನಮ್ಮ ಹೋಬಳಿಯಲ್ಲೂ ಇದ್ದಾರೆ, ಈ ಭಯ ಸುಳ್ಳಲ್ಲ. ಆದರೆ ಇಂಥ ನಿಯಮ ಬರೆಯೋವಾಗ ಎದುರಿಗಿರೋ ಚಿತ್ರ ಒಬ್ಬ ಮನುಷ್ಯ, ಒಂದು ಜೇಬು, ಒಂದು ಫೋನು. ಹಲಸಿನ ಮರಕ್ಕೆ ನೇತಾಡಿದ ಫೋನ್ ಆ ಚಿತ್ರದಲ್ಲಿ ಇಲ್ಲ.

ನಾವು ಏನು ಮಾಡಿದೆವು ಅಂತ ಕೇಳ್ತೀರೇನೋ. ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಹೆಸರಿಗೆ ಒಂದು ಸಿಮ್ ತಗೊಂಡು, ಅವಳ ಆಧಾರ್, ಬ್ಯಾಂಕು ಎರಡಕ್ಕೂ ಅದನ್ನೇ ಹಾಕಿಸಿದೆ. ಒಂದು ದಿನ ಪೂರ್ತಿ ಹೋಯ್ತು, ಆದರೂ ಆಯ್ತು. ಅಮ್ಮ ತನ್ನ ನಂಬರನ್ನ ಬಾಯಿಪಾಠ ಮಾಡಿಕೊಂಡು ಬಸ್ಸಿನಲ್ಲೆಲ್ಲ ಹೇಳಿಕೊಂಡು ಬಂದಳು. ಅಜ್ಜಿಯದು ಆಗಲಿಲ್ಲ. ನಂಬರ್ ಬದಲಿಸೋಕೆ ಬೆರಳಚ್ಚು ಕೇಳಿತು. ಐವತ್ತು-ಅರವತ್ತು ವರ್ಷ ಅಡಿಕೆ ಸುಲಿದ ಕೈ ಅದು. ಅಡಿಕೆ ಚೊಗರಿಗೆ ಕಪ್ಪಾಗಿ, ಕತ್ತಿ ಒರೆಸಿ ಒರೆಸಿ ಬೆರಳಿನ ಗೆರೆಯೆಲ್ಲ ಅಳಿಸಿಹೋಗಿವೆ. ಹತ್ತು ಬೆರಳೂ ಇಟ್ಟು ನೋಡಿದೆವು. ಕಣ್ಣಿಗೆ ಪೊರೆ ಬಂದಿರೋದರಿಂದ ಅದೂ ಹಿಡಿಯಲಿಲ್ಲ. "ನಂಗ್ಯಾಕೆ ಬೇರೆ ನಂಬರು, ಅವಂದೇ ಇರ್ಲಿ ಬಿಡಿ" ಅಂದಳು ಅಜ್ಜಿ. ಅವಂದೇ ಅಂದ್ರೆ ಮಗಂದು.

ಹಾಗಾಗಿ ಅಪ್ಪನ ಸಿಮ್ ಇನ್ನೂ ನನ್ನ ಎರಡನೇ ಸ್ಲಾಟಿನಲ್ಲಿದೆ. 28 ದಿನಕ್ಕೊಮ್ಮೆ ರೀಚಾರ್ಜ್. ರೆಕಾರ್ಡಿಂಗ್ ಮಾಡೋವಾಗ ಈಗ ಏರೋಪ್ಲೇನ್ ಮೋಡ್ ಹಾಕಲ್ಲ, ಸೈಲೆಂಟ್ ಮಾಡಿ ಕಣ್ಣಿಗೆ ಕಾಣೋ ಹಾಗೆ ಇಟ್ಟುಕೊಳ್ತೀನಿ. ಹಿಂದಿನ ಎಪಿಸೋಡಿನಲ್ಲಿ ಮಧ್ಯ ಒಂದು ಗುಯ್ ಅನ್ನೋ ಸದ್ದು ಬಂತು ಅಂತ ಕೆಲವರು ಬರೆದಿದ್ದಿರಿ. ಅದು ವೈಬ್ರೇಷನ್.

ಆವತ್ತು ಬಂದದ್ದು ಓಟಿಪಿ ಅಲ್ಲ, ಕರೆ. ಆನವಟ್ಟಿ ಕಡೆಯ ಯಾರೋ ವಯಸ್ಸಾದವರು. ಅಪ್ಪನ ಹಳೇ ಪರಿಚಯವಂತೆ, ಬಹಳ ವರ್ಷ ಮಗನ ಮನೆಯಲ್ಲಿ ದೂರದಲ್ಲಿದ್ದರಂತೆ, ಸುದ್ದಿ ಗೊತ್ತಿರಲಿಲ್ಲ. ಅಪ್ಪನ ಹೆಸರು ಹೇಳಿ, "ಇದಾರಾ ಮನೇಲಿ?" ಅಂದರು. ನನಗೆ ತಕ್ಷಣ ಏನು ಹೇಳಬೇಕೋ ತಿಳೀಲಿಲ್ಲ. ಅಮ್ಮನ ಬಾಯಿಂದಲೇ ಕೇಳಲಿ ಅನ್ನಿಸ್ತು. "ಒಂದು ಹತ್ ನಿಮಿಷ ಬಿಟ್ಟು ಮಾಡಿ," ಅಂದೆ, "ಅಮ್ಮನ್ನ ಕರೆದಿಡ್ತೀನಿ."